ಇಳಕಲ್ಲಿನ ಚೂರು, ಎರಿಮಣ್ಣಿನ ಬಿರುಕು

ಇಳಕಲ್ ಸುತ್ತಮುತ್ತಲಿನ ಕ್ವಾರಿಗಳಲ್ಲಿ ನೆಲದಿಂದ ಮೇಲೆದ್ದ ಕಲ್ಲಿನಲ್ಲಿ ಲಾರಿ ಹತ್ತುವುದು ಸ್ವಲ್ಪ, ಗುಡ್ಡೆ ಬೀಳುವುದೇ ಹೆಚ್ಚು. ಕೂದಲೆಳೆಯ ಬಿರುಕು ಕಂಡರೆ ಬೇಡ, ಕರಿಗೆರೆ ಹಾಯ್ದಿದ್ದರೆ ಬೇಡ, ಒಂದು ತುದಿಗೆ ಬಣ್ಣ ಮಾಸಿದ್ದರೂ ಬೇಡ. ಯಾರದೋ ಅಡುಗೆಮನೆ ಕಟ್ಟೆಗೋ ಬ್ಯಾಂಕಿನ ನೆಲಕ್ಕೋ ಹೋಗುವ ಕಲ್ಲು ಮೈತುಂಬ ಒಂದೇ ಕೆಂಪಿನಲ್ಲಿರಬೇಕು. ಬೇಡವಾದದ್ದೆಲ್ಲ ಹಳ್ಳದ ದಂಡೆಗೆ, ಗಾಯರಾಣಿಗೆ, ರಸ್ತೆಯ ಬದಿಗೆ ಬಿದ್ದು ಬೆಳೆಯುತ್ತ ಹೋಗುತ್ತದೆ. ಪಾಲಿಶ್ ಫ್ಯಾಕ್ಟರಿಗಳ ಹಿಂದೆ ಇನ್ನೊಂದು ನಮೂನೆಯ ಗುಡ್ಡೆ ಇರುತ್ತದೆ: ಹಲಗೆ ಕೊಯ್ದಮೇಲೆ ಅಂಚಿಗೆ ಉಳಿದ ಪಟ್ಟಿಗಳು. ಎರಡು ಸೆಂಟಿಮೀಟರ್ ದಪ್ಪ, ನಾಲ್ಕು ಬೆರಳಗಲ, ಉದ್ದ ಮಾತ್ರ ದೇವರು ಕೊಟ್ಟಷ್ಟು. ನನ್ನ ಕಸುಬಿನ ಕಚ್ಚಾ ಮಾಲು ಈ ಎರಡನೇ ಗುಡ್ಡೆ.

ನಾನು ಶಿಲ್ಪಿ. ಬಹಳ ಕಾಲ ಮೂರ್ತಿ ಕೆತ್ತಿದೆ, ಈಗ ಕಲ್ಲಿನ ಸದ್ದಿನ ಬೆನ್ನು ಹತ್ತಿದ್ದೇನೆ. ಮನೆಗೆ ಬಂದವರು ಅಂಗಳದಲ್ಲಿ ಹಗ್ಗಕ್ಕೆ ತೂಗುಬಿದ್ದ ಕಲ್ಲಿನ ಪಟ್ಟಿಗಳನ್ನು ನೋಡಿ ಮೊದಲು ನನ್ನ ಹೆಂಡತಿಯ ಮುಖ ನೋಡುತ್ತಾರೆ. ಆಕೆ ಚಹಾ ತರಲು ಒಳಗೆ ಹೋಗುತ್ತಾಳೆ. ಅಲ್ಲಿಂದಾಚೆಗೆ ವಿವರಿಸುವ ಪಾಳಿ ನನ್ನದು.

ವಿವರಣೆ ದೊಡ್ಡದೇನಿಲ್ಲ. ಇಂಥ ಪಟ್ಟಿಯನ್ನು ನೆಲಕ್ಕಿಟ್ಟು ಕಟ್ಟಿಗೆಯ ಕೊಡತಿಯಿಂದ ಬಡಿದರೆ ‘ಟಕ್’ ಅನ್ನುತ್ತದೆ, ಮುಗಿಯಿತು. ಅದನ್ನೇ ಎರಡು ಹುರಿಗಳ ಮೇಲೆ ಇಡಿ. ಹುರಿ ಎಲ್ಲಿ ಬರಬೇಕು ಅನ್ನುವುದರಲ್ಲೇ ಎಲ್ಲ ಇದೆ. 45 ಸೆಂ.ಮೀ. ಉದ್ದದ ಪಟ್ಟಿಯಾದರೆ ಎರಡೂ ತುದಿಯಿಂದ ಸುಮಾರು ಹತ್ತು ಸೆಂ.ಮೀ. ಒಳಗೆ. ಉದ್ದ ಎಷ್ಟಾದರೂ ಇರಲಿ, ಲೆಕ್ಕ ಒಂದೇ: ಪ್ರತಿ ತುದಿಯಿಂದ ಉದ್ದದ ನೂರಕ್ಕೆ 22.4 ಪಾಲು. ಬಡಿದಾಗ ಕಲ್ಲು ಬಾಗುತ್ತದೆ. ಹೌದು, ಗ್ರಾನೈಟ್ ಬಾಗುತ್ತದೆ, ಕಣ್ಣಿಗೆ ಸಿಗದಷ್ಟು. ನಡು ಮೇಲೆದ್ದಾಗ ತುದಿಗಳು ಇಳಿಯುತ್ತವೆ, ತುದಿ ಎದ್ದಾಗ ನಡು ಇಳಿಯುತ್ತದೆ. ಈ ಎರಡು ಜಾಗ ಮಾತ್ರ ಅಲ್ಲಾಡುವುದಿಲ್ಲ. ಅಲ್ಲಾಡದ ಕಡೆ ಹಿಡಿದರೆ ಅಲ್ಲಾಡುವ ಕಡೆ ಬಿಡುವು ಸಿಗುತ್ತದೆ, ಕಲ್ಲು ನುಡಿಯುತ್ತದೆ. ಇಂಥದೊಂದು ಪಟ್ಟಿ ಹತ್ತಿರಹತ್ತಿರ 430 ಹರ್ಟ್ಸ್, ಅಂದರೆ ಸೆಕೆಂಡಿಗೆ 430 ಸಲ ನಡುಗುವ ಸ್ವರ ಕೊಡುತ್ತದೆ. ಉದ್ದವನ್ನು ಅರ್ಧ ಮಾಡಿದರೆ ಸ್ವರ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಏರುತ್ತದೆ, ಅಂದರೆ ಎರಡು ಸಪ್ತಕ. ತುದಿ ಉಜ್ಜಿದರೆ ಸ್ವರ ಮೇಲಕ್ಕೆ, ಹೊಟ್ಟೆಯ ಕೆಳಗೆ ಉಜ್ಜಿದರೆ ಕೆಳಕ್ಕೆ.

ಇದನ್ನು ನಾನು ಪುಸ್ತಕ ನೋಡಿ ಕಲಿತೆ. ಆದರೆ ಕಲ್ಲನ್ನು ಕೇಳುವುದು ಕಲಿಸಿದವರು ಬೇರೆ. ಹುನಗುಂದದ ಕಡೆಯ ಹಿರಿಯರೊಬ್ಬರು, ಜೀವಮಾನವಿಡೀ ಕಲ್ಲು ಒಡೆದವರು, ನಾನು ಆರಿಸಿದ ಒಂದು ಬಂಡೆಯ ಸುತ್ತ ಒಮ್ಮೆ ಸುತ್ತಿ, ಸುತ್ತಿಗೆಯ ಹಿಂಬದಿಯಿಂದ ನಾಲ್ಕೈದು ಕಡೆ ಮೆಲ್ಲಗೆ ತಟ್ಟಿದರು. ಮೂರು ಕಡೆ ‘ಠಣ್’. ನಾಲ್ಕನೆಯ ಕಡೆ, ನನ್ನ ಕಿವಿಗೆ, ಅದೂ ‘ಠಣ್’. ಅವರು ತಲೆ ಅಲ್ಲಾಡಿಸಿದರು. “ಕಣ್ಣಿಗೆ ಛಲೋ ಕಾಣ್ತೈತ್ರೀ. ಒಳಗ ಮುರದೈತಿ.” ಮತ್ತೊಮ್ಮೆ ತಟ್ಟಿ, ಅಂಗೈಯನ್ನು ಕಲ್ಲಿನ ಮೇಲೆ ಇಟ್ಟು ತೋರಿಸಿದರು. ನಾನೂ ಇಟ್ಟೆ. ಮೂರು ಕಡೆ ಅಂಗೈಗೆ ಒಂದು ಝುಮ್ಮು ಬಂದು ನಿಧಾನ ಆರುತ್ತಿತ್ತು, ನಾಲ್ಕನೆಯ ಕಡೆ ಬಂದ ಕೂಡಲೇ ಕಡಿದುಹೋಗುತ್ತಿತ್ತು. ಮಧ್ಯಾಹ್ನ ಉಳಿ ಇಟ್ಟು ಅದನ್ನು ಸೀಳಿಸಿದರು. ಒಳಗೆ ತುಕ್ಕಿನ ಬಣ್ಣದ ಒಂದು ಹಾಳೆ, ನೀರು ಇಳಿದಿಳಿದು ಆದ ಬಿರುಕು.

ನಮ್ಮ ಶಿಲ್ಪಶಾಸ್ತ್ರಗಳೂ ಕಲ್ಲನ್ನು ಮೊದಲು ಕಿವಿಯಿಂದಲೇ ಪರೀಕ್ಷೆ ಮಾಡಿಸುತ್ತವೆ. ಗಂಟೆಯ ಹಾಗೆ ನುಡಿದರೆ ಪುರುಷಶಿಲೆ, ಕಂಚಿನ ತಾಳದ ಹಾಗೆ ನುಡಿದರೆ ಸ್ತ್ರೀಶಿಲೆ, ನುಡಿಯದೇ ಹೋದರೆ ನಪುಂಸಕ, ಅದು ಮೂರ್ತಿಗೆ ಬಾರದು. ಹೆಸರಿಟ್ಟ ರೀತಿಯ ಬಗ್ಗೆ ನನ್ನ ತಕರಾರು ಇದೆ, ಪರೀಕ್ಷೆಯ ಬಗ್ಗೆ ಇಲ್ಲ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ಎಲ್ಲರಿಗೂ ಗೊತ್ತು: ಜಕಣಾಚಾರಿಯ ಮೂರ್ತಿಗೆ ಮಗ ಡಂಕಣ ಗಂಧ ಬಳಿದ, ಎಲ್ಲ ಕಡೆ ಒಣಗಿತು, ಹೊಕ್ಕುಳ ಬಳಿ ಒಣಗಲಿಲ್ಲ, ಉಳಿ ಇಟ್ಟರೆ ನೀರು, ಮರಳು, ಕಪ್ಪೆ. ಕಥೆ ಕೇಳಿದಾಗೆಲ್ಲ ನನಗೆ ಒಂದೇ ಅನುಮಾನ. ಅಷ್ಟು ದೊಡ್ಡ ಶಿಲ್ಪಿ ಕಲ್ಲು ಆರಿಸುವಾಗ ಒಮ್ಮೆಯೂ ತಟ್ಟಿ ನೋಡಲಿಲ್ಲವೇ?

ಭೂಮಿಯ ಲೆಕ್ಕದಲ್ಲಿ ನಮ್ಮ ಬಾಗಲಕೋಟೆ ಶ್ರೀಮಂತ ಜಿಲ್ಲೆ. ಇಳಕಲ್-ಹುನಗುಂದದ ಕಡೆ ಗ್ರಾನೈಟ್, ಇನ್ನೂರು ಕೋಟಿ ವರ್ಷಕ್ಕೂ ಹಳೆಯದು. ಅದರ ಕೆಂಪು ಬಂದದ್ದು ಪೊಟ್ಯಾಶ್ ಫೆಲ್ಡ್‌ಸ್ಪಾರ್ ಅನ್ನುವ ಖನಿಜದಿಂದ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲಿ ಮರಳುಗಲ್ಲು, ಯಾವುದೋ ಕಾಲದ ನೀರಿನ ತಳದಲ್ಲಿ ಪದರ ಪದರವಾಗಿ ಕೂತದ್ದು. ಲೋಕಾಪುರದ ಕಡೆ ಸುಣ್ಣಗಲ್ಲು. ಕೃಷ್ಣೆ ದಾಟಿ ವಿಜಯಪುರದ ದಾರಿ ಹಿಡಿದರೆ ಕರಿಕಲ್ಲು, ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಲಾವಾ ಹರಿದು ಆರಿದ್ದು. ಬೆಳಗಿನ ರೊಟ್ಟಿ ತಿಂದು ಮೋಟರ್ ಸೈಕಲ್ ಹತ್ತಿದರೆ ಮಧ್ಯಾಹ್ನದ ಊಟದೊಳಗೆ ಇವೆಲ್ಲದರ ಸದ್ದು ಕೇಳಿ ಬರಬಹುದು. ಗ್ರಾನೈಟ್ ಗಂಟೆ. ಮರಳುಗಲ್ಲು ಪದರ ಗಟ್ಟಿಯಾಗಿ ಬೆಸೆದಿದ್ದರೆ ಮಡಕೆಯಂತೆ, ಇಲ್ಲದಿದ್ದರೆ ‘ಬೊದ್’. ಕರಿಕಲ್ಲು ಎರಡು ಮುಖದ್ದು: ಗಟ್ಟಿ ಹೆಪ್ಪುಗಟ್ಟಿದ್ದು ಕಬ್ಬಿಣದ ಹಾಗೆ ಚುರುಕಾಗಿ ನುಡಿಯುತ್ತದೆ, ಲಾವಾದ ಗಾಳಿಗುಳ್ಳೆ ಉಳಿದ ಹುಳುಕು ಕಲ್ಲು ಕೊಟ್ಟ ಪೆಟ್ಟನ್ನೆಲ್ಲ ನುಂಗುತ್ತದೆ.

ಕಲ್ಲಿನಿಂದ ಸದ್ದು ತೆಗೆದವರಲ್ಲಿ ನನಗೆ ಹತ್ತಿರದವನು ಇಟಲಿಯ ಪಿನುಚ್ಚೊ ಶೋಲಾ. ಸಾರ್ಡೀನಿಯಾ ದ್ವೀಪದ ಸಾನ್ ಸ್ಪೆರಾತೆ ಅನ್ನುವ ಹಳ್ಳಿಯಲ್ಲಿ 1942ರಲ್ಲಿ ರೈತರ ಮನೆಯಲ್ಲಿ ಹುಟ್ಟಿದ. 1960ರ ದಶಕದ ಕೊನೆಗೆ ಊರಿನ ಮಣ್ಣಿನ ಗೋಡೆಗಳಿಗೆಲ್ಲ ಸುಣ್ಣ ಬಳಿಸಿ ಚಿತ್ರ ಬರೆಯಿಸಲು ಶುರುಮಾಡಿ, ಊರನ್ನೇ ಬಯಲು ಮ್ಯೂಸಿಯಮ್ ಮಾಡಿದ. 1990ರ ದಶಕದಿಂದ ಅವನ ಹೆಸರು ನುಡಿವ ಕಲ್ಲುಗಳಿಗೆ ಅಂಟಿತು. ಅಲ್ಲಿಯೂ ನಮ್ಮಲ್ಲಿಯಂತೆ ಕರಿಕಲ್ಲು, ಸುಣ್ಣಗಲ್ಲು. ಬಂಡೆಗೆ ವಜ್ರದ ಗರಗಸದಿಂದ ಉದ್ದುದ್ದ ಸೀಳು ಹಾಕಿ, ಒಮ್ಮೊಮ್ಮೆ ಅಡ್ಡಡ್ಡವೂ ಸೀಳಿ, ಒಳಗೆ ಹಲ್ಲುಗಳ ಹಾಗೆ ತೆಳು ಕಲ್ಲುಗಳನ್ನು ಉಳಿಸುತ್ತಿದ್ದ. ಆಮೇಲೆ ಬಡಿಯುತ್ತಿರಲಿಲ್ಲ, ಸವರುತ್ತಿದ್ದ. ಅಂಗೈಯಿಂದ, ಅಥವಾ ಒಂದು ಸಣ್ಣ ಕಲ್ಲಿನಿಂದ. ಸುಣ್ಣಗಲ್ಲು ನೀರಿನ ಹಾಗೆ ಸೂಸುತ್ತದೆ, ಕರಿಕಲ್ಲು ಎದೆಯಾಳದಿಂದ ಗುಂಯ್‌ಗುಡುತ್ತದೆ. 2016ರಲ್ಲಿ ತೀರಿಕೊಂಡ. ಕಲ್ಲುಗಳು ಅದೇ ಹಳ್ಳಿಯ ತೋಟದಲ್ಲಿ ನಿಂತಿವೆ.

ಅವನ ವಿಡಿಯೊ ನೋಡಿದ ಮೇಲೆ ನಾನೂ ಒಂದು ಕರಿಕಲ್ಲಿಗೆ ಸೀಳು ಹಾಕಿಸಿದೆ, ಸವರಿದೆ, ಒಣ ಕೈಗೆ ಏನೂ ಬರಲಿಲ್ಲ. ಕೈ ಒದ್ದೆ ಮಾಡಿಕೊಂಡು ಸವರಿದರೆ, ಗಾಜಿನ ಲೋಟದ ಅಂಚಿಗೆ ಬೆರಳಾಡಿಸಿದಾಗ ಆಗುವಂತೆ, ಅಂಗೈ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಕಲ್ಲನ್ನು ಎಬ್ಬಿಸುತ್ತದೆ. ಮೊದಲ ಸಲ ಅದು ಎದ್ದಾಗ ಓಣಿಯ ನಾಯಿ ಬೊಗಳಿತು. ಅದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಆಮೇಲೆ ಬಂದಿಲ್ಲ.

ಹಾಗೆಂದು ಕಲ್ಲು ನುಡಿಸುವುದನ್ನು ನಮಗೆ ಯಾರೂ ದೂರದಿಂದ ತಂದುಕೊಡಬೇಕಿರಲಿಲ್ಲ. ಹಂಪಿಯ ವಿಠ್ಠಲ ಗುಡಿಯ ಕಂಬಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದು ಬಳ್ಳಾರಿ ಪಕ್ಕದ ಸಂಗನಕಲ್ಲು-ಕುಪಗಲ್ಲು ಗುಡ್ಡ. ಗ್ರಾನೈಟಿನ ನಡುವೆ ಒಂದು ಕಪ್ಪು ಡಾಲರೈಟ್ ಕಲ್ಲಿನ ಗೋಡೆ ಹಾಯ್ದಿದೆ. ಆ ಬಂಡೆಗಳ ಮೇಲೆ ನವಶಿಲಾಯುಗದ ಜನ ಎತ್ತುಗಳನ್ನು ಕೊರೆದಿದ್ದಾರೆ. ಕೆಲವು ಬಂಡೆಗಳಲ್ಲಿ ಚಿತ್ರವಿಲ್ಲ, ಬರೀ ಬಟ್ಟಲಿನಂಥ ಕುಳಿಗಳು, ಗೀರುಗಳು. ಕೈಗಲ್ಲಿನಿಂದ ಅಲ್ಲಿಯೇ ಬಡಿದರೆ ಗಟ್ಟಿಯಾಗಿ ನುಡಿಯುತ್ತವೆ. ಬಡಿದು ಬಡಿದೇ ಆದ ಕುಳಿ ಅವು. 1892ರ ಹೊತ್ತಿಗೇ ಒಬ್ಬ ಇಂಗ್ಲಿಷ್ ಅಧಿಕಾರಿ ಈ ಗುಡ್ಡದ ಬಗ್ಗೆ ಬರೆದಿದ್ದ. 2004ರಲ್ಲಿ ನಿಕೋಲ್ ಬ್ವಾವಾ ಎಂಬ ಪುರಾತತ್ವ ವಿದ್ವಾಂಸೆ ನುಡಿವ ಬಂಡೆಗಳ ಕುರಿತು ಬರೆದಾಗ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಆ ಹೊತ್ತಿಗೆ ಗುಡ್ಡದ ಒಂದು ಭಾಗವನ್ನು ಕಲ್ಲಿನ ಕ್ವಾರಿ ತಿಂದಿತ್ತು. ಸಾವಿರಾರು ವರ್ಷ ಬಾರಿಸಿದ ವಾದ್ಯ ಒಡೆದು ಜಲ್ಲಿಯಾಗಿ ಯಾವ ರಸ್ತೆಯ ಅಡಿಗೆ ಹೋಯಿತೋ.

ಇಲ್ಲಿಂದ ನನ್ನ ಕಿರಿಕಿರಿ ಶುರುವಾಗುತ್ತದೆ. ಶೋಲಾ ತನ್ನ ಕಲ್ಲಿನಲ್ಲಿ ಭೂಮಿ ಹುಟ್ಟಿದ ಕಾಲವನ್ನು ಕೇಳಿಸಿದ. ಕೇಳಲು ಹಿತವಾದದ್ದು. ಆದರೆ ನನ್ನ ಅಂಗಳದ ಪಟ್ಟಿಯಲ್ಲಿ ಆ ಕಾಲದ ಜೊತೆಗೆ ಇತ್ತೀಚಿನ ಇನ್ನೊಂದು ಕಾಲವೂ ಇದೆ: ವೈರ್ ಸಾ (ತಂತಿ ಗರಗಸ) ಅದನ್ನು ಬಂಡೆಯಿಂದ ಬಿಡಿಸಿದ ಕಾಲ, ಗರಗಸ ಅದರ ಅಂಚು ಕೊಯ್ದ ಕಾಲ. ಗ್ರಾನೈಟಿನಲ್ಲಿ ಐದರಲ್ಲಿ ಒಂದು ಪಾಲಾದರೂ ಬೆಣಚು ಇರುತ್ತದೆ. ಒಣಗಲ್ಲು ಕೊಯ್ದರೆ ಆ ಬೆಣಚು ಕಣ್ಣಿಗೆ ಕಾಣದ ಧೂಳಾಗಿ ಶ್ವಾಸಕೋಶಕ್ಕೆ ಇಳಿದು, ಅಲ್ಲಿಯೇ ಕೂತು, ಗಾಯ ಮಾಡಿ, ಗಾಯದ ಕಲೆ ಗಟ್ಟಿಯಾಗಿ ಉಸಿರು ಹಿಡಿಯುತ್ತದೆ. ಸಿಲಿಕೋಸಿಸ್‌ಗೆ ಮದ್ದಿಲ್ಲ. ನೀರು ಬಿಟ್ಟು ಕೊಯ್ದರೆ ಧೂಳು ತಗ್ಗುತ್ತದೆ. ಆದರೆ ಆ ಬೂದುಬಣ್ಣದ ಕೆಸರು ಎಲ್ಲಿಗಾದರೂ ಹರಿಯಲೇಬೇಕಲ್ಲ? ಒಣಗಿದ ಮೇಲೆ ಗಾಳಿಗೆ ಎದ್ದು ಮತ್ತೆ ಧೂಳೇ. ಹೊಲಕ್ಕೆ ಬಿದ್ದರೆ ಮಣ್ಣಿನ ಮೇಲೆ ಸಿಮೆಂಟಿನ ಹಾಗೆ ಪದರ ಕಟ್ಟುತ್ತದೆ. ನನಗೆ ಕಲ್ಲನ್ನು ಕೇಳಲು ಕಲಿಸಿದ ಆ ಹಿರಿಯರು ಮಾತಾಡುವಾಗ ನಡುನಡುವೆ ನಿಲ್ಲುತ್ತಾರೆ. ಅದು ಯೋಚಿಸಲು ನಿಲ್ಲುವುದಲ್ಲ.

ಆದ್ದರಿಂದ ಈ ಪಟ್ಟಿಗಳನ್ನು ಸಾಲಾಗಿ ತೂಗಿಬಿಟ್ಟು ಕತ್ತಲ ಕೋಣೆಯಲ್ಲಿ ಒಂದು ದೀಪ ಹಾಕಿ ‘ಭೂಮಿಯ ನಾದ’ ಅಂತ ಬೋರ್ಡು ಬರೆಯಲು ನನ್ನ ಕೈ ಬರುವುದಿಲ್ಲ. ನನ್ನ ಕೆಲಸದಲ್ಲಿ ಪಟ್ಟಿಗಳ ಹಿಂದೆ ಸ್ಪೀಕರ್ ಇರುತ್ತದೆ, ಅದರಲ್ಲಿ ಅದೇ ಪಟ್ಟಿಯನ್ನು ಕೊಯ್ದ ಗರಗಸದ ಸದ್ದು, ಬಹಳ ಸಣ್ಣಗೆ. ಗರಗಸದ ಸ್ವರಕ್ಕೆ ಸಮನಾದ ಪಟ್ಟಿ ತಾನೇ ಅನುರಣಿಸುತ್ತದೆ. ಕೊಡತಿ ಬೇಕಿಲ್ಲ.

ಬೆಂಗಳೂರಿನಿಂದ ಬಂದ ಒಬ್ಬರು, ಪ್ರದರ್ಶನಗಳನ್ನು ಏರ್ಪಡಿಸುವವರು, ಇದನ್ನು ನೋಡಿ ಸಂತೋಷಪಟ್ಟು ಆಮೇಲೆ ಕೇಳಿದರು: ಬಾದಾಮಿಯ ‘ಪ್ಯೂರ್’ ಸದ್ದು ಇದ್ದರೆ ಕೊಡಿ, ನೇಚರ್ ಸೌಂಡ್. ನನ್ನ ಬಳಿ ಅಗಸ್ತ್ಯತೀರ್ಥದ ದಂಡೆಯಲ್ಲಿ ಬೆಳಗಿನ ಹೊತ್ತು ಹಿಡಿದ ರೆಕಾರ್ಡಿಂಗ್ ಇತ್ತು. ಹೊಂಡದ ಮೆಟ್ಟಿಲ ಮೇಲೆ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಾರೆ. ‘ಠಪ್’ ಅನ್ನುತ್ತದೆ ಕಲ್ಲು, ಅರೆಗಳಿಗೆ ಬಿಟ್ಟು ಎದುರಿನ ಕೆಂಪು ಬಂಡೆ ‘ಠಪ್’ ಅಂತ ತಿರುಗಿ ಹೇಳುತ್ತದೆ. ನಾಲ್ಕು ಜನ ಒಟ್ಟಿಗೆ ಒಗೆಯತೊಡಗಿದರೆ ಯಾರ ಪೆಟ್ಟು ಯಾರದು, ಯಾವುದು ಕೈಯದು ಯಾವುದು ಬಂಡೆಯದು ಗೊತ್ತಾಗುವುದಿಲ್ಲ. ಅರ್ಧ ಸೆಕೆಂಡಿಗೆ ಸದ್ದು ಮರಳಿತೆಂದರೆ ಬಂಡೆ ಎಂಬತ್ತೈದು ಮೀಟರಿನಷ್ಟು ದೂರ. ಕೂತಲ್ಲೇ ಕಣಿವೆ ಅಳೆಯಬಹುದು. ನಡುವೆ ಮಂಗಗಳ ಜಗಳ, ಸಾಲೆ ಮಕ್ಕಳ ಬಸ್ಸು, ಯಾರದೋ ಮೊಬೈಲಿನ ಹಾಡು. ಅವರು ಕೇಳಿ, “ಛಲೋ ಐತಿ, ಆದ್ರ ಬಸ್ಸು ತೆಗೀಬಹುದಾ? ಮೊಬೈಲು?” ಎಂದರು. ಅವರು ಹೇಳಿದ್ದು ಬೆಂಗಳೂರು ಕನ್ನಡದಲ್ಲಿ, ನನ್ನ ನೆನಪು ಅದನ್ನು ನಮ್ಮ ಭಾಷೆಗೆ ತಿರುಗಿಸಿಕೊಂಡಿದೆ. ಬಸ್ಸು ತೆಗೆದರೆ ಆಮೇಲೆ ಒಗೆಯುವವರನ್ನೂ ತೆಗೆಯಬೇಕಾಗುತ್ತದೆ ಅಂದೆ. ನಕ್ಕರು. ಕೆಲಸ ಕೊಡಲಿಲ್ಲ.

ಕೆನಡಾದ ಮರ್ರಿ ಶೇಫರ್ 1970ರ ದಶಕದಲ್ಲಿ ವ್ಯಾಂಕೂವರ್ ಪಕ್ಕದ ವಿಶ್ವವಿದ್ಯಾಲಯದಲ್ಲಿ ಗೆಳೆಯರನ್ನು ಕಟ್ಟಿಕೊಂಡು ಊರೂರಿನ ಸದ್ದುಗಳನ್ನು ದಾಖಲಿಸಿದ. ಊರಿಗೊಂದು ನೆಲನೋಟ ಇರುವಂತೆ ಊರಿಗೊಂದು ಸದ್ದುನೋಟವೂ ಇದೆ ಅಂತ ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಅವನೊಬ್ಬ. ನಮ್ಮ ಕ್ಷೇತ್ರಕ್ಕೆ ಬಂದ ಯಾರೂ ಅವನನ್ನು ತಪ್ಪಿಸಿಕೊಂಡು ಹೋಗಲಾರರು. ಅವನಿಗೆ ಹಳ್ಳಿಯ ಸದ್ದು ಸ್ವಚ್ಛ, ಯಂತ್ರದ ಸದ್ದು ಕೊಳೆ. ಅದು ನನಗೆ ಒಪ್ಪಿಗೆಯಾಗುವುದಿಲ್ಲ. ಇಳಕಲ್ಲಿನ ಓಣಿಯಲ್ಲಿ ಕುಣಿಮಗ್ಗದ ಖಟಖಟ ಕೇಳದೇ ಹೋದರೆ ಸೀರೆಗೆ ಗಿರಾಕಿ ಇಲ್ಲ ಅಂತ ಅರ್ಥ. ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗ ನಿಂತ ರಾತ್ರಿ ಶಾಂತವಾಗಿರುತ್ತದೆ, ಮನೆಯೊಳಗೆ ಶಾಂತಿ ಇರುವುದಿಲ್ಲ. ನೂಲು ಸುತ್ತುವ, ರಾಟೆ ತಿರುಗುವ, ಪಂಪ್‌ಸೆಟ್ ಓಡುವ ಸದ್ದಿನ ಜೊತೆಗೇ ನಮ್ಮ ಕಡೆ ಹಕ್ಕಿ ಕೂಗುತ್ತದೆ. ಡಿಜೆ ಬೇರೆ ಮಾತು. ಗಣಪತಿ ಹಬ್ಬದ ಡಿಜೆಗೆ ನಮ್ಮ ಮನೆಯ ಕಿಟಕಿಯ ಗಾಜು ಸಹ ತನ್ನ ಸ್ವರ ಕಂಡುಕೊಂಡಿದೆ. ಅದನ್ನು ಸಮರ್ಥಿಸುವಷ್ಟು ಉದಾರಿ ನಾನಲ್ಲ.

ಮನೆಯ ಗೋಡೆಗೂ ಒಂದು ಸ್ವರ ಇರುತ್ತದೆ ಅನ್ನುವುದು ನಮ್ಮ ಜಿಲ್ಲೆಯವರಿಗೆ ಕಷ್ಟಪಟ್ಟು ತಿಳಿದ ವಿಷಯ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಬಹುಭಾಗ, ಕೃಷ್ಣೆ-ಘಟಪ್ರಭೆಯ ದಂಡೆಯ ಹಳ್ಳಿಗಳು ಹೋದವು. ಅಡಿಗಲ್ಲು ಇಟ್ಟದ್ದು 1964ರಲ್ಲಿ, ನೀರು ನಿಜವಾಗಿ ಏರಿದ್ದು ದಶಕಗಳ ಮೇಲೆ. ಈಗ 519.60 ಮೀಟರ್‌ವರೆಗೆ ನಿಲ್ಲುತ್ತದೆ, 524.256 ಮೀಟರ್‌ಗೆ ಏರಿಸುವ ಮಾತು ವರ್ಷಾನುಗಟ್ಟಲೆಯಿಂದ ನಡೆದೇ ಇದೆ. ನನ್ನ ತಾಯಿಯ ತವರೂ ನೀರಿನಡಿಗೆ ಹೋಯಿತು. ಅಜ್ಜಿಯ ಹಳೆಯ ಮನೆ ಮೇಲುಮುದ್ದೆಯದು: ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಜಂತಿ, ಮೇಲೆ ಹಾಸುಮಣ್ಣು, ಮೂಲೆಗೆ ಜೋಳದ ಚೀಲ, ಪಡಸಾಲೆಯಲ್ಲಿ ದನ. ಅಲ್ಲಿ ಅಜ್ಜಿ ಮಾತಾಡಿದರೆ ಓಣಿಗೆ ಕೇಳುವಂತಿರುತ್ತಿತ್ತು, ಏಕೆಂದರೆ ಗೋಡೆ, ಚೀಲ, ದನ ಎಲ್ಲ ಸೇರಿ ಮಾತನ್ನು ಹೀರುತ್ತಿದ್ದವು. ಗಟ್ಟಿ ಮಾತಾಡಲೇಬೇಕು. ಪುನರ್ವಸತಿ ಕೇಂದ್ರದ ಮನೆಯಲ್ಲಿ ಸಿಮೆಂಟ್ ಗೋಡೆ, ನೆಲಕ್ಕೆ ಕಡಪಾ ಕಲ್ಲು, ಇನ್ನೂ ಸಾಮಾನು ತುಂಬದ ಕೋಣೆ. ಮೊದಲ ದಿನ ಆಕೆ ಎಂದಿನಂತೆ ಮೊಮ್ಮಗನನ್ನು ಕೂಗಿದಳು, ಗೋಡೆ ಆಕೆಯ ಕೂಗನ್ನು ಆಕೆಗೇ ಮರಳಿ ಹೊಡೆಯಿತು. ಬೆಚ್ಚಿದಳು. “ಯಾರೋ ನನ್ನ ಅಣಕಸ್ತಾರ” ಅಂದಳು. ಆಮೇಲೆ ಆ ಮನೆಯಲ್ಲಿ ಆಕೆಯ ದನಿ ತಗ್ಗಿತು, ತಗ್ಗಿದ್ದು ಏರಲಿಲ್ಲ. ಪರಿಹಾರದ ಕಾಗದದಲ್ಲಿ ಮನೆ, ಹೊಲ, ಬಾವಿ, ಗಿಡ ಎಲ್ಲಕ್ಕೂ ದರ ಇತ್ತು.

ನದಿಯ ಸದ್ದನ್ನು ನಕ್ಷೆ ಮಾಡಿದವರಿದ್ದಾರೆ. ನ್ಯೂಜಿಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಆನಿಯಾ ಲಾಕ್‌ವುಡ್ 1982ರಲ್ಲಿ ಹಡ್ಸನ್ ನದಿಯನ್ನು ಉಗಮದಿಂದ ಕಡಲತನಕ ಅಲ್ಲಲ್ಲಿ ನಿಂತು ಮೈಕಿನಲ್ಲಿ ಹಿಡಿದಳು, ಮುಂದೆ ಡ್ಯಾನ್ಯೂಬ್ ನದಿಯನ್ನೂ ಹಾಗೇ ಮಾಡಿದಳು. ಕೃಷ್ಣೆಗೆ ಅದೇ ಮಾಡಬೇಕೆಂದು ಹೊರಟರೆ ನಮ್ಮಲ್ಲಿ ಮೊದಲ ಅಡಚಣೆ ಬರುವುದು ಇಷ್ಟೇ: ನಮ್ಮ ಜಿಲ್ಲೆಯ ಕೃಷ್ಣೆ ಬಹುದೂರ ಹರಿಯುವುದಿಲ್ಲ, ನಿಲ್ಲುತ್ತದೆ. ನಿಂತ ನೀರಿಗೆ ದಂಡೆಯ ಮೇಲೆ ಹೇಳಿಕೊಳ್ಳುವ ಸದ್ದಿಲ್ಲ. ನೀರಿನೊಳಗೆ ಹೈಡ್ರೋಫೋನ್ (ನೀರಿನಲ್ಲಿ ಕೇಳುವ ಮೈಕು) ಇಳಿಬಿಟ್ಟರೆ ಬೇರೆಯೇ ಕಥೆ. ಮೋಟರು ಎಳೆಯುವ ಪೈಪುಗಳ ಗುಂಯ್ ಒಂದು ಕಿಲೋಮೀಟರ್ ದೂರದಿಂದಲೂ ಬರುತ್ತದೆ, ಏಕೆಂದರೆ ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಮಿಕ್ಕಿ ವೇಗವಾಗಿ ಹೋಗುತ್ತದೆ, ಬೇಗ ಸಾಯುವುದೂ ಇಲ್ಲ. ದೋಣಿಯ ಹುಟ್ಟು, ಮೀನಿನ ಬಲೆಯ ಸೀಸದ ಗುಂಡು ತಳ ಮುಟ್ಟುವ ಸದ್ದು, ನೀರಹುಳುಗಳ ಚಿರ್ರ್. ಚಳಿಗಾಲದಲ್ಲಿ ಹಿನ್ನೀರಿನ ತೆಳು ನೀರಿಗೆ ರಾಜಹಂಸಗಳು ಇಳಿಯುತ್ತವೆ, ಎಲ್ಲರೂ ಅವುಗಳ ಫೋಟೊ ತೆಗೆಯುತ್ತಾರೆ. ಕೊಕ್ಕು ತಿರುವಿ ಕೆಸರು ಸೋಸುವಾಗ ಒಂದು ಗುಳುಗುಳು ಇರುತ್ತದೆ. ಅದನ್ನು ಹಿಡಿಯುವಷ್ಟು ಹತ್ತಿರ ಅವು ನನ್ನನ್ನು ಬಿಟ್ಟುಕೊಂಡಿಲ್ಲ.

ವಿಜಯಪುರದ ಗೋಳಗುಮ್ಮಟದ ಬಗ್ಗೆ ಏನೂ ಬರೆಯದೆ ಸದ್ದಿನ ಲೇಖನ ಮುಗಿಸಿದರೆ ಪಕ್ಕದ ಜಿಲ್ಲೆಯ ಗೆಳೆಯರು ಮಾತು ಬಿಟ್ಟಾರು. 1656ರಲ್ಲಿ ಮುಗಿದ ಕಟ್ಟಡ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಪಿಸುಮಾತು ಎದುರು ಬದಿಗೆ ನಡುವಿನ ಖಾಲಿ ಜಾಗ ದಾಟಿ ಹೋಗುವುದಿಲ್ಲ, ಗೋಡೆಯ ಬಾಗಿಗೆ ಅಂಟಿಕೊಂಡೇ ಸುತ್ತಿ ಹೋಗುತ್ತದೆ. ಇಂಥ ಪಿಸುದನಿಯ ಮೊಗಸಾಲೆಗಳ ಮೇಲೆ 1920ರ ದಶಕದ ಆರಂಭದಲ್ಲಿ ಸಿ.ವಿ. ರಾಮನ್ ಕೂಡ ತಲೆ ಕೆಡಿಸಿಕೊಂಡಿದ್ದರು. ನಾನು ಹೋದಾಗೆಲ್ಲ ಅಲ್ಲಿ ಸಿಳ್ಳೆ, ಚಪ್ಪಾಳೆ, ‘ಓ’ ಅನ್ನುವ ಹುಡುಗರು, ಅವರನ್ನು ಸುಮ್ಮನಿರಿಸಲು ಅವರಿಗಿಂತ ಜೋರಾಗಿ ಸೀಟಿ ಊದುವ ಕಾವಲುಗಾರ. ಕಟ್ಟಡಕ್ಕೆ ಎಲ್ಲವೂ ಒಂದೇ. ಸೀಟಿಯನ್ನೂ ಏಳೆಂಟು ಸಲ ಮರಳಿ ಹೇಳುತ್ತದೆ.

ಇಷ್ಟೆಲ್ಲ ಕಲ್ಲಿನ ಮಾತಾಡಿದೆ, ಆದರೆ ಒಳ್ಳೆಯ ಶಿಲ್ಪ ಯಾವುದೆಂದು ಕೇಳಿದರೆ ನಾನು ಮಣ್ಣನ್ನು ತೋರಿಸುತ್ತೇನೆ. ಜ್ಯೇಷ್ಠದ ಅಮಾವಾಸ್ಯೆಗೆ ನಮ್ಮ ಕಡೆ ಪ್ರತಿ ಮನೆಯಲ್ಲಿ ಮಣ್ಣೆತ್ತು ಆಗುತ್ತದೆ. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಗುಳ್ಳವ್ವನನ್ನು ಮಾಡುತ್ತಾರೆ. ಎರಿಮಣ್ಣು, ಗುಲಗಂಜಿ, ಕುಸುಬಿ ಕಾಳು, ಅಷ್ಟೇ ಸಾಮಗ್ರಿ. ಯಾರೂ ಸಹಿ ಹಾಕುವುದಿಲ್ಲ. ಹಾಡು ಮುಗಿದ ಮೇಲೆ ಹಳ್ಳಕ್ಕೋ ಗಿಡದ ಬುಡಕ್ಕೋ. ಕಲಾಶಾಲೆಯಲ್ಲಿ ನಮಗೆ ‘ಕ್ಷಣಿಕ ಕಲೆ’, ‘ಪರಿಸರ ಕಲೆ’ ಅಂತ ವಿದೇಶದ ಸ್ಲೈಡುಗಳನ್ನು ತೋರಿಸಿದರು. ತರಗತಿಯಲ್ಲಿದ್ದ ಅರ್ಧ ಹುಡುಗಿಯರು ಗುಳ್ಳವ್ವನನ್ನು ಮಾಡಿ ಬಂದವರು. ಅವರನ್ನು ಯಾರೂ ಕೇಳಲಿಲ್ಲ, ಅವರಿಗೂ ಹೇಳಬೇಕೆನಿಸಲಿಲ್ಲ.

ಎರಿಮಣ್ಣು ಶಿಲ್ಪಿಯನ್ನು ಕಾಡುವ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ಮೇ ತಿಂಗಳಲ್ಲಿ ಹೊಲದ ಬಿರುಕಿಗೆ ಕೈಯನ್ನು ಮೊಳಕೈತನಕ ಇಳಿಬಿಡಬಹುದು. ಆ ಬಿರುಕಿನ ಗೋಡೆಗೆ ಪೀಜೋ ಡಿಸ್ಕ್ ಅಂಟಿಸಿ ಮೊದಲ ಮಳೆಗೆ ಕಾಯುವುದು ಈಗ ನನ್ನ ಬೇಸಿಗೆಯ ಕೆಲಸ. ಪೀಜೋ ಅಂದರೆ ಹಾಡುವ ಗ್ರೀಟಿಂಗ್ ಕಾರ್ಡಿನೊಳಗೆ ಇರುವ ಹಿತ್ತಾಳೆಯ ಬಿಲ್ಲೆ. ಗಾಳಿಯಲ್ಲಿ ಬರುವ ಸದ್ದು ಅದಕ್ಕೆ ಕೇಳಿಸುವುದೇ ಇಲ್ಲ ಅನ್ನಬೇಕು, ಅಂಟಿದ ವಸ್ತುವಿನ ನಡುಕವಷ್ಟೇ. ಕಿವಿಗೆ ಹೆಡ್‌ಫೋನ್ ಹಾಕಿ ಬದುವಿನ ಮೇಲೆ ತಾಡಪತ್ರಿ ಹೊದ್ದು ಕೂತರೆ, ಮೊದಲು ದಪ್ಪ ಹನಿ ಬೀಳುವ ‘ಡಬ್ ಡಬ್’. ಸ್ವಲ್ಪ ಹೊತ್ತಿಗೆ ಅದರ ಕೆಳಗಿನಿಂದ ಒಂದು ಸುಯ್‌ ಶುರುವಾಗುತ್ತದೆ. ಒಣಮಣ್ಣಿನ ಸಂದಿಗೆ ನೀರು ನುಗ್ಗಿದ ಹಾಗೆ ಅಲ್ಲಿದ್ದ ಗಾಳಿ ಒತ್ತಿಕೊಂಡು ಹೊರಗೆ ಬರುವುದು ಅದು, ಸಾವಿರ ಸಣ್ಣ ಗುಳ್ಳೆ ಒಡೆಯುತ್ತ. ನಡುವೆ ‘ಚಟ್’ ಅಂತ ಒಂದು ಹೆಂಟೆ ಬಿಚ್ಚಿಕೊಳ್ಳುತ್ತದೆ. ಮಳೆ ಹಿಡಿದರೆ ಸುಯ್ ನಿಧಾನ ಇಳಿಯುತ್ತದೆ, ಬಿರುಕು ಮುಚ್ಚಿ ಪೀಜೋ ಮಣ್ಣೊಳಗೆ ಸಿಕ್ಕಿಬೀಳುತ್ತದೆ. ಹೊಲದ ಮಾಲಕ ಒಮ್ಮೆ ಹೆಡ್‌ಫೋನ್ ಇಸಕೊಂಡು ಕೇಳಿದ. ಬಹಳ ಹೊತ್ತು ಕೊಡಲಿಲ್ಲ. ಆಮೇಲೆ, “ಇಷ್ಟ್ ಕುಡದ್ರ ಸಾಲೂದುಲ್ಲ, ಇನ್ನೊಂದ್ ತಾಸ್ ಬರಬೇಕು” ಎಂದ. ಸದ್ದು ಕೇಳಿ ತೇವದ ಆಳ ಅಂದಾಜು ಮಾಡಿದ್ದ. ಅವನಿಗೆ ಅದು ಕಲೆಯೋ ಅಲ್ಲವೋ ಅನ್ನುವ ಪ್ರಶ್ನೆಯೇ ಬರಲಿಲ್ಲ. ನನಗೂ ಆ ಪ್ರಶ್ನೆಯಲ್ಲಿ ಆಸಕ್ತಿ ಕಡಿಮೆಯಾಗಿದೆ. ವಸ್ತುವನ್ನು ಕೇಳಿದಾಗ ಅದು ಎಲ್ಲಿಂದ ಬಂತು, ಯಾರ ಕೈದಾಟಿ ಬಂತು, ಮುಂದೆ ಏನಾಗಲಿದೆ ಎಂಬುದು ತಿಳಿಯಬೇಕು. ಅಷ್ಟು ತಿಳಿಸದ ಕಲ್ಲು ಎಷ್ಟು ಇಂಪಾಗಿ ನುಡಿದರೂ ನನಗೆ ಸಪ್ಪೆ.

ಈಗ ಕೈಯಲ್ಲಿರುವ ಕೆಲಸ ಒಂದು ಸರಕಾರಿ ಸಾಲೆಯ ಅಂಗಳಕ್ಕೆ. ಕ್ವಾರಿಗಳ ನಡುವಿನ ಊರು. ಮಕ್ಕಳ ಅಪ್ಪಂದಿರಲ್ಲಿ ಹಲವರು ಅಲ್ಲಿಯೇ ದುಡಿಯುವವರು. ಪಾಲಿಶ್ ಫ್ಯಾಕ್ಟರಿಯ ಅಂಚುಪಟ್ಟಿಗಳನ್ನು ಸಾಲಾಗಿ ಇಟ್ಟು ಮಕ್ಕಳು ಬಾರಿಸುವಂತೆ ಮಾಡಬೇಕು. ಗುರುಗಳು ಸರಿಗಮಕ್ಕೆ ಕೂಡಿಸಿ ಕೊಡಿ ಅಂದರು, ಪ್ರಾರ್ಥನೆಗೆ ಉಪಯೋಗ ಆಗುತ್ತದೆ ಅಂತ. ನಾನು ಒಲ್ಲೆ ಎಂದೆ. ಕಲ್ಲಿನ ಪಟ್ಟಿಯ ಎರಡನೆಯ ಸ್ವರ ಮೂಲ ಸ್ವರದ 2.76 ಪಟ್ಟು ಇರುತ್ತದೆ, ತಂತಿಯ ಹಾಗೆ ಸರಿಯಾಗಿ ಎರಡು ಪಟ್ಟು ಅಲ್ಲ, ಆದ್ದರಿಂದ ಹಾರ್ಮೋನಿಯಮ್ ಜೊತೆ ಎಷ್ಟು ಕೂಡಿಸಿದರೂ ಒಂದು ಕುಂಟು ಉಳಿಯುತ್ತದೆ ಅಂತ ವಿವರಿಸಿದೆ. ಗುರುಗಳು ಎಲ್ಲ ಕೇಳಿ, “ಆದ್ರೂ ಸರಿಗಮ ಇದ್ರ ಛಲೋ ಇರ್ತಿತ್ತು” ಅಂದರು. ಕೊನೆಗೆ ಹುನಗುಂದದ ಕಡೆಯ ಆ ಹಿರಿಯರೇ ಪಂಚಾಯ್ತಿ ಬಗೆಹರಿಸಿದರು. ಎರಡು ಸಾಲು ಮಾಡುವುದು. ಒಂದು ಸಾಲು ಸರಿಗಮಕ್ಕೆ ಕೂಡಿಸಿದ್ದು, ತುದಿ ಉಜ್ಜುವ ಕೆಲಸ ಅವರದೇ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ನೀರು ಬಿಟ್ಟುಕೊಂಡು. ಇನ್ನೊಂದು ಸಾಲು ಫ್ಯಾಕ್ಟರಿಯಿಂದ ಬಿದ್ದಂತೆಯೇ, ಉದ್ದ ಮುಟ್ಟದೆ. ಅದರಲ್ಲಿ ಒಂದು ಬಿರುಕುಪಟ್ಟಿಯೂ ಇರಲಿ ಅಂತ ಅವರೇ ಆರಿಸಿ ಇಟ್ಟಿದ್ದಾರೆ, “ಹುಡುಗರಿಗೆ ಮುರದ್ ಕಲ್ಲಿನ ಸಪ್ಪಳಾನೂ ಗೊತ್ತಾಗಲಿ” ಅಂತ. ‘ಪ’ ಇನ್ನೂ ಸ್ವಲ್ಪ ಕೆಳಗಿದೆ, ಸೋಮವಾರ ಮತ್ತೆ ಉಜ್ಜುತ್ತೇವೆ.